ಮರದೊಳಗಿನ ಕಲೆ

ನಿಮ್ಮ ಊರಿನಲ್ಲಿ ಮರದ ಮಿಲ್ಲು ಇದೆಯೇ? ಇದ್ದರೆ ಶಾಲೆ ಬಿಟ್ಟು ಬರುವಾಗ ಅದರ ಅಂಗಳದ ಬದಿಯಲ್ಲಿ ಒಂದು ಗಳಿಗೆ ನಿಂತು ನೋಡಿ. ಗರಗಸದ ಹತ್ತಿರ ಹೋಗಬೇಡಿ. ಹೊರಗೆ ರಾಶಿ ಹಾಕಿದ ದಿಮ್ಮಿಗಳ ತುದಿಗಳನ್ನು ನೋಡಿದರೆ ಸಾಕು. ಹಲಸಿನ ದಿಮ್ಮಿಯ ನಡುವೆ ಅರಸಿನದಂತಹ ಹಳದಿ. ತೇಗದ ದಿಮ್ಮಿಯಲ್ಲಿ ಒಂದರ ಹೊರಗೆ ಒಂದರಂತೆ ಉಂಗುರಗಳು. ಬೀಟೆಯಲ್ಲಿ ನೇರಳೆ ಬೆರೆತ ಕಂದು, ಅದರ ನಡುವೆ ಕಪ್ಪು ಗೆರೆ. ರಬ್ಬರ್ ಮರದ ತುಂಡಿನಲ್ಲಿ ನೀಲಿ ಶಾಯಿ ಚೆಲ್ಲಿದಂತಹ ಕಲೆ. ಮಳೆಯಲ್ಲಿ ಬಿದ್ದುಕೊಂಡ ಮಾವಿನ ಹಳೆಯ ತುಂಡಿನಲ್ಲಿ ಯಾರೋ ಪೆನ್ನಿನಿಂದ ಭೂಪಟ ಬಿಡಿಸಿದಂತೆ ಸಣ್ಣ ಕಪ್ಪು ಗೆರೆಗಳು.

ಮರವನ್ನು ಕೊಯ್ಯುವ ವರೆಗೆ ಅದರೊಳಗೆ ಬೆಳಕು ಸಹ ಹೋಗಿರಲಿಲ್ಲ. ಹಾಗಾದರೆ ಈ ಬಣ್ಣ, ಈ ಗೆರೆ, ಈ ಕಲೆ ಅಲ್ಲಿಗೆ ಬಂದದ್ದು ಹೇಗೆ?

ಮೊದಲು ಒಂದು ಘಟನೆ ಹೇಳುತ್ತೇನೆ. ನಾನು ಕೆಲಸ ಮಾಡಿದ ಶಾಲೆಯೊಂದರ ಅಂಗಳದಲ್ಲಿ ದೊಡ್ಡ ಕಾಟುಮಾವಿನ ಮರ ಇತ್ತು. ಒಂದು ಜೂನ್ ತಿಂಗಳ ರಾತ್ರಿ ಗಾಳಿಮಳೆಗೆ ಅದು ಬುಡಸಮೇತ ಬಿತ್ತು. ಮಕ್ಕಳಿಲ್ಲದ ಹೊತ್ತಾದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಶಾಲೆಯಲ್ಲಿ ಬೆಂಚುಗಳು ಸಾಲುತ್ತಿರಲಿಲ್ಲ. ಇದೇ ಮರದಿಂದ ಬೆಂಚು ಮಾಡಿಸೋಣ ಎಂದು ರಕ್ಷಕ ಶಿಕ್ಷಕ ಸಂಘದವರು ತೀರ್ಮಾನಿಸಿದರು. ಮರವನ್ನು ತುಂಡು ಮಾಡಿದರು. ಮಿಲ್ಲಿಗೆ ಕಳುಹಿಸುವ ಮೊದಲು ನೋಡಲು ಆಚಾರಿ ಬಂದರು.

ಅವರು ಬುಡದ ದಿಮ್ಮಿಯ ತುದಿಯನ್ನು ಅಂಗೈಯಿಂದ ಒರೆಸಿದರು. ಅಲ್ಲಿ ಕಪ್ಪೂ ನೀಲಿಯೂ ಬೆರೆತ ಒಂದು ಕಲೆ ಇತ್ತು. ಅದನ್ನು ನೋಡಿ ಎದ್ದು ನಿಂತರು.

“ಮಾಷ್ಟ್ರೇ, ಇದನ್ನು ಹೀಗೆಯೇ ಮಿಲ್ಲಿಗೆ ಕೊಡ್ಲಿಕ್ಕೆ ಆಗುವುದಿಲ್ಲ. ಇದರೊಳಗೆ ಕಬ್ಬಿಣ ಉಂಟು.”

ತೊಗಟೆಯ ಮೇಲೆ ಹುಡುಕಿದೆವು. ಎಲ್ಲಿಯೂ ಆಣಿ ಕಾಣಲಿಲ್ಲ.

“ನಿಮಗೆ ಹೇಗೆ ಗೊತ್ತಾಯಿತು ಆಚಾರ್ರೇ?” ಎಂದು ಕೇಳಿದೆ.

“ಬಣ್ಣವೇ ಹೇಳ್ತದಲ್ಲ ಮಾಷ್ಟ್ರೇ. ಓಡುವ ಗರಗಸಕ್ಕೆ ಕಬ್ಬಿಣ ತಾಗಿದರೆ ಹಲ್ಲು ಮುರಿದು ಯಾವ ಕಡೆ ಹಾರ್ತದೆ ಅಂತ ಹೇಳ್ಲಿಕ್ಕೆ ಬರುವುದಿಲ್ಲ. ಅಲ್ಲಿ ನಿಂತವನ ಕಣ್ಣಿಗೇ ತಾಗಬಹುದು.”

ಅವರು ಉಳಿ ಹಿಡಿದು ಕಲೆಯ ಜಾಡಿನಲ್ಲೇ ಕೆತ್ತುತ್ತಾ ಹೋದರು. ನಾಲ್ಕು ಬೆರಳು ಆಳದಲ್ಲಿ ಠಣ್ ಎಂದಿತು. ತುಕ್ಕು ಹಿಡಿದ ಆರಿಂಚಿನ ಆಣಿ! ಅದನ್ನು ನೋಡಿದ ಕೂಡಲೇ ನನಗೆ ನಾಚಿಕೆಯಾಯಿತು. ಅದನ್ನು ಹೊಡೆದವನು ನಾನೇ. ಕೆಲಸಕ್ಕೆ ಸೇರಿದ ವರ್ಷ, ಶಾಲೆಯ ಗಂಟೆಯಾಗಿದ್ದ ರೈಲು ಕಂಬಿಯ ತುಂಡನ್ನು ನೇತುಹಾಕಲು ಹೊಡೆದಿದ್ದೆ. ಮತ್ತೆ ಗಂಟೆಯನ್ನು ಜಗಲಿಗೆ ತಂದೆವು. ಆಣಿಯ ವಿಷಯ ಎಲ್ಲರೂ ಮರೆತೆವು.

ಹೊರಗೆ ಹೊಡೆದ ಆಣಿ ಅಷ್ಟು ಒಳಗೆ ಹೋದದ್ದು ಹೇಗೆ? ನಿಜವಾಗಿ ಆಣಿ ಒಳಗೆ ಹೋಗಲಿಲ್ಲ, ಮರವೇ ಹೊರಗೆ ಬಂತು. ತೊಗಟೆಯ ಕೆಳಗೆ, ಕಾಗದದಷ್ಟು ತೆಳ್ಳಗಿನ ಒಂದು ಬೆಳೆಯುವ ಪದರ ಇದೆ. ಅದು ತನ್ನ ಒಳಬದಿಗೆ ಹೊಸ ಮರವನ್ನೂ ಹೊರಬದಿಗೆ ಹೊಸ ತೊಗಟೆಯನ್ನೂ ಕಟ್ಟುತ್ತಾ ಇರುತ್ತದೆ. ಹೀಗೆ ಹಳೆಯ ಮರದ ಮೇಲೆ ಹೊಸ ಮರ ಅಂಗಿಯ ಮೇಲೆ ಅಂಗಿ ತೊಟ್ಟ ಹಾಗೆ ಸೇರುತ್ತದೆ. ಆಣಿ ಇದ್ದಲ್ಲೇ ಇರುತ್ತದೆ; ಅದರ ಸುತ್ತ ಮರ ದಪ್ಪವಾಗಿ ಕೊನೆಗೆ ಅದರ ತಲೆಯನ್ನೂ ಮುಚ್ಚಿಬಿಡುತ್ತದೆ.

ನಾಲ್ಕನೆಯ ತರಗತಿಯ ಒಬ್ಬಳು ಹುಡುಗಿ ಅಂದು ಒಂದು ಒಳ್ಳೆಯ ಪ್ರಶ್ನೆ ಕೇಳಿದಳು. “ಸರ್, ಮರ ಎತ್ತರ ಆಗಿದೆಯಲ್ಲ, ಆಣಿಯೂ ಮೇಲೆ ಹೋಗಬೇಕಿತ್ತಲ್ಲ?” ಇಲ್ಲ. ಮರ ಎತ್ತರಕ್ಕೆ ಬೆಳೆಯುವುದು ಕೊಂಬೆಗಳ ತುದಿಯಲ್ಲಿ ಮಾತ್ರ. ಕಾಂಡ ದಪ್ಪವಾಗುತ್ತದೆಯೇ ಹೊರತು ಮೇಲೆ ಎಳೆದುಕೊಂಡು ಹೋಗುವುದಿಲ್ಲ. ನಿಮ್ಮ ಎದೆಮಟ್ಟಕ್ಕೆ ಹೊಡೆದ ಆಣಿ ಐವತ್ತು ವರ್ಷ ಕಳೆದರೂ ನೆಲದಿಂದ ಅಷ್ಟೇ ಎತ್ತರದಲ್ಲಿರುತ್ತದೆ. ದೊಡ್ಡವರಾಗುವುದು ನೀವು ಮಾತ್ರ.

ಇನ್ನು ಆ ಕಪ್ಪು ಬಣ್ಣ. ಬಾಳೆಕಾಯಿಯನ್ನೋ ಪೂಂಬೆಯನ್ನೋ ಹೆಚ್ಚಿದ ಮೇಲೆ ಅಮ್ಮನ ಮೆಟ್ಟುಕತ್ತಿ ಕಪ್ಪಾಗುವುದನ್ನು ನೀವು ನೋಡಿರಬಹುದು. ಬಾಳೆಕಾಯಿಯಲ್ಲಿ ಚೊಗರು ಇದೆ. ನಾಲಗೆಗೆ ಒಗರಾಗಿ ಹಿಡಿದುಕೊಳ್ಳುವ ಈ ವಸ್ತುವಿಗೆ ಟ್ಯಾನಿನ್ ಎಂದು ಹೆಸರು. ಮಾವಿನ ತೊಗಟೆಯಲ್ಲಿ, ಮರದಲ್ಲಿ, ಅಳಲೆಕಾಯಿಯಲ್ಲಿ, ಚಹಾದ ಎಲೆಯಲ್ಲಿ ಟ್ಯಾನಿನ್ ಇದೆ. ಅದು ಕಬ್ಬಿಣದೊಂದಿಗೆ ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ಇದು ಹೊಸದಾಗಿ ಕಂಡುಹಿಡಿದ ಸಂಗತಿಯಲ್ಲ. ಆಂಧ್ರದ ಕಲಂಕಾರಿ ಬಟ್ಟೆಗಳ ಕಪ್ಪು ಗೆರೆಗಳನ್ನು ಬರೆಯುವುದು ಹೀಗೆಯೇ. ಬಟ್ಟೆಯನ್ನು ಅಳಲೆಕಾಯಿಯ ರಸದಲ್ಲಿ ಅದ್ದಿ ಒಣಗಿಸುತ್ತಾರೆ. ಕಬ್ಬಿಣದ ಚೂರು ಮತ್ತು ಬೆಲ್ಲವನ್ನು ನೀರಿನಲ್ಲಿ ಹಾಕಿ ದಿನಗಟ್ಟಲೆ ಕೊಳೆಯಿಸಿದ ದ್ರವದಿಂದ ಅದರ ಮೇಲೆ ಬರೆಯುತ್ತಾರೆ. ಬರೆದ ಗೆರೆ ಕಪ್ಪಾಗುತ್ತದೆ. ನಮ್ಮ ಮಾವಿನ ಮರದೊಳಗೆ ನನ್ನ ಆಣಿ ಮಾಡಿದ ಕೆಲಸವೂ ಇದೇ.

ಮಾಡಿ ನೋಡಿ: ಎರಡು ಹಳೆಯ ಗಾಜಿನ ಲೋಟಗಳಲ್ಲಿ ಹಾಲು, ಸಕ್ಕರೆ ಹಾಕದ ಗಟ್ಟಿ ಚಹಾ ತೆಗೆದುಕೊಳ್ಳಿ. ಕಟ್ಟನ್‌ಚಾಯ ಎಂದರೆ ನಿಮಗೆ ಬೇಗ ಅರ್ಥವಾದೀತು. ಆರಿದ ಮೇಲೆ ಒಂದು ಲೋಟಕ್ಕೆ ಮಾತ್ರ ತುಕ್ಕು ಹಿಡಿದ ಎರಡು ಆಣಿಗಳನ್ನು ಹಿರಿಯರಿಂದ ಹಾಕಿಸಿ. ಮರುದಿನ ಬೆಳಿಗ್ಗೆ ಎರಡೂ ಲೋಟಗಳನ್ನು ಬೆಳಕಿಗೆ ಹಿಡಿದು ನೋಡಿ. ಕಂಡದ್ದನ್ನು ಪುಸ್ತಕದಲ್ಲಿ ಬರೆಯಿರಿ. ಈ ಚಹಾವನ್ನು ಕುಡಿಯಬಾರದು, ಚೆಲ್ಲಿಬಿಡಿ.

ಆಚಾರಿ ಕೆತ್ತಿದ ಮೇಲೆ ಆ ಕಲೆಯ ಆಕಾರ ಸರಿಯಾಗಿ ಕಂಡಿತು. ಅಡ್ಡಕ್ಕೆ ಎರಡು ಬೆರಳು ಅಗಲ. ಆದರೆ ಆಣಿಯಿಂದ ಮೇಲಕ್ಕೂ ಕೆಳಕ್ಕೂ ಅದು ಮೊಳದುದ್ದ ಹಬ್ಬಿತ್ತು. ಎರಡು ತುದಿಗಳೂ ಚೂಪಾಗಿದ್ದವು. ಇನ್ನೊಂದು ವಿಚಿತ್ರ ಏನೆಂದರೆ, ಆಣಿ ಹೊಡೆದ ಮೇಲೆ ಬೆಳೆದ ಹೊರಗಿನ ಮರದಲ್ಲಿ ಕಲೆಯೇ ಇರಲಿಲ್ಲ. ಅಲ್ಲಿ ಮರ ಅಚ್ಚುಕಟ್ಟಾಗಿ ಬೆಳ್ಳಗಿತ್ತು. ಗೆರೆ ಎಳೆದಂತೆ ಒಂದು ಕಡೆ ಕಲೆ ನಿಂತುಬಿಟ್ಟಿತ್ತು.

ಯಾಕೆ ಹೀಗೆ? ನಿಮ್ಮ ಮೊಣಕಾಲಿಗೆ ಗಾಯವಾದರೆ ಕೆಲವು ದಿನಗಳಲ್ಲಿ ಹಳೆಯ ಚರ್ಮ ಹೋಗಿ ಹೊಸ ಚರ್ಮ ಬರುತ್ತದೆ. ಗಾಯ ವಾಸಿಯಾಗುತ್ತದೆ. ಮರಕ್ಕೆ ಹಾಗೆ ಮಾಡಲು ಬರುವುದಿಲ್ಲ. ಕೆಟ್ಟುಹೋದ ಜಾಗವನ್ನು ತೆಗೆದು ಅಲ್ಲಿಯೇ ಹೊಸ ಮರ ಇಡಲು ಅದಕ್ಕೆ ಸಾಧ್ಯವಿಲ್ಲ. ಅದು ಮಾಡುವುದು ಬೇರೆ ಕೆಲಸ. ಗಾಯದ ಸುತ್ತಲೂ ಗೋಡೆ ಕಟ್ಟುತ್ತದೆ. ಗಾಯದ ಹತ್ತಿರದ ನೀರಿನ ಕೊಳವೆಗಳಿಗೆ ಬಿರಡೆ ಹಾಕುತ್ತದೆ. ಪಕ್ಕದ ಕೋಶಗಳಲ್ಲಿ ಬೂಷ್ಟು, ಕ್ರಿಮಿಗಳಿಗೆ ಆಗದ ಕಹಿ, ಒಗರು ವಸ್ತುಗಳನ್ನು ತುಂಬುತ್ತದೆ. ಈ ವಸ್ತುಗಳಿಂದಲೂ ಅಲ್ಲಿ ಮರದ ಬಣ್ಣ ಕಂದಾಗುತ್ತದೆ. ಆಮೇಲೆ ಬೆಳೆಯುವ ಪದರ ಹೊರಬದಿಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಒಂದು ಗೋಡೆಯನ್ನು ಕಟ್ಟಿ, ಅದರಾಚೆಗೆ ಹೊಸ ಮರವನ್ನು ಬೆಳೆಸುತ್ತದೆ. ಅದಕ್ಕೇ ಹೊರಗಿನ ಮರ ಶುದ್ಧವಾಗಿ ಉಳಿಯಿತು. ಕೊಳವೆಗಳು ಮೇಲಿನಿಂದ ಕೆಳಗೆ ಹೋಗಿರುವುದರಿಂದ ಆ ದಿಕ್ಕಿನ ತಡೆ ಮಾತ್ರ ಸ್ವಲ್ಪ ದುರ್ಬಲ. ಕಲೆ ಮೇಲಕ್ಕೂ ಕೆಳಕ್ಕೂ ಉದ್ದವಾಗಿ ಹರಡಿದ್ದು ಅದರಿಂದ.

ಇದನ್ನು ಚೆನ್ನಾಗಿ ತೋರಿಸಿಕೊಟ್ಟವರು ಅಮೆರಿಕದ ಅಲೆಕ್ಸ್ ಶೈಗೊ. ಅವರು ಅಲ್ಲಿನ ಅರಣ್ಯ ಇಲಾಖೆಯಲ್ಲಿ ವಿಜ್ಞಾನಿಯಾಗಿದ್ದರು. 2006ರಲ್ಲಿ ತೀರಿಕೊಂಡರು. ಅವರಿಗಿಂತ ಮೊದಲು ಹೆಚ್ಚಿನವರು ಮರವನ್ನು ಅಡ್ಡಕ್ಕೆ ಕೊಯ್ದು ನೋಡುತ್ತಿದ್ದರು. ಒಬ್ಬರೇ ಹಿಡಿದು ಕೊಯ್ಯಬಹುದಾದ ಯಂತ್ರದ ಗರಗಸ ಬಂದ ಕಾಲವದು. ಶೈಗೊ ಅದನ್ನು ಹಿಡಿದು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿದರು. ಮುರಿದ ಕೊಂಬೆ, ಉಜ್ಜಿದ ತೊಗಟೆ, ಹೊಡೆದ ಆಣಿ, ಇವುಗಳಿಂದ ಹೊರಟ ಕಲೆಗಳ ದಾರಿಯನ್ನು ಹಿಡಿದು ನಡೆದರು. ನಮ್ಮ ಆಚಾರಿ ಅವರ ಹೆಸರನ್ನು ಕೇಳಿರಲಾರರು. ಆದರೆ ಉಳಿ ಹಿಡಿದು ಕಲೆಯ ಜಾಡಿನಲ್ಲಿ ಹೋದರಲ್ಲ, ಅದೇ ದಾರಿ.

ಗಾಯದ ಕಲೆ ಎಂದರೆ ಮರಕ್ಕೆ ಬೆಲೆ ಕಡಿಮೆ ಎಂದು ನೀವು ತಿಳಿಯಬಹುದು. ಸಾಮಾನ್ಯವಾಗಿ ಅದು ನಿಜ. ಆದರೆ ನಿಮ್ಮ ಮನೆಯವರೋ ನೆರೆಯವರೋ ಗಲ್ಫ್‌ನಿಂದ ಬಂದಾಗ ಊದ್ ಎಂಬ ಅತ್ತರು ತಂದದ್ದು ಉಂಟೇ? ಅದರ ಪರಿಮಳ ಹುಟ್ಟುವುದು ಒಂದು ಗಾಯದ ಕಲೆಯಿಂದ. ಅಗರು ಎಂಬ ಮರ ಅಸ್ಸಾಂ ಕಡೆಯಲ್ಲಿ ಬೆಳೆಯುತ್ತದೆ. ಏನೂ ಆಗದ ಅಗರು ಮರ ಒಳಗೆ ಬೆಳ್ಳಗೆ, ಹಗುರವಾಗಿರುತ್ತದೆ. ಅದಕ್ಕೆ ಪರಿಮಳ ಇಲ್ಲ. ಹುಳು ಕೊರೆದು, ಆ ತೂತಿನಿಂದ ಶಿಲೀಂಧ್ರ ಹೊಕ್ಕರೆ ಮರ ಅದನ್ನು ತಡೆಯಲು ಒಂದು ಬಗೆಯ ಅಂಟನ್ನು ತುಂಬುತ್ತದೆ. ಆ ಭಾಗ ಕಪ್ಪಾಗಿ ಭಾರವಾಗುತ್ತದೆ. ಜನ ಹುಡುಕುವುದು ಆ ಕಪ್ಪನ್ನೇ. ಅಗರಬತ್ತಿ ಎಂಬ ಹೆಸರಿನಲ್ಲಿ ಇರುವುದೂ ಇದೇ ಅಗರು. ಅಂಗಡಿಯ ಅಗರಬತ್ತಿಯಲ್ಲಿ ಬಹುಮಟ್ಟಿಗೆ ಹೆಸರು ಮಾತ್ರ ಉಳಿದಿದೆ ಎನ್ನುವುದು ಬೇರೆ ಮಾತು!

ಒಳಗಿನ ಬಣ್ಣವೆಲ್ಲ ಗಾಯದ್ದೇ ಅಲ್ಲ. ಹಲಸಿನ ದಿಮ್ಮಿಯ ತುದಿಯನ್ನು ಮತ್ತೆ ನೆನಪಿಸಿಕೊಳ್ಳಿ. ಹೊರಗಿನ ಸುತ್ತು ಬಿಳಿ, ಒಳಗೆ ಹಳದಿ. ಬೇರಿನಿಂದ ಎಲೆಗೆ ನೀರು ಹೋಗುವುದು ಹೊರಗಿನ ಬಿಳಿ ಭಾಗದಲ್ಲಿ. ಒಳಗಿನದು ಹಳೆಯ ಮರ. ನೀರು ಸಾಗಿಸುವ ಕೆಲಸದಿಂದ ಅದು ನಿವೃತ್ತವಾಗಿದೆ. ಅಲ್ಲಿಯ ಕೋಶಗಳು ಸಾಯುವ ಮೊದಲು ಬಣ್ಣದ ವಸ್ತುಗಳನ್ನು ಮಾಡಿ ಇಡುತ್ತವೆ. ಆ ಭಾಗಕ್ಕೆ ಕನ್ನಡದಲ್ಲಿ ಕೆಚ್ಚು ಎಂದೂ ಚೇಗು ಎಂದೂ ಹೆಸರಿದೆ. ಮಲಯಾಳದಲ್ಲಿ ಕಾತಲ್ ಎನ್ನುತ್ತಾರೆ. ಧೈರ್ಯವಂತನಿಗೆ ಕೆಚ್ಚೆದೆ ಇದೆ ಎನ್ನುವಾಗ ನಾವು ಮರದ ಈ ಗಟ್ಟಿ ತಿರುಳನ್ನೇ ನೆನೆಯುತ್ತೇವೆ. ಹಲಸಿನ ಕೆಚ್ಚಿಗೆ ಗೆದ್ದಲು ಬೇಗ ಹಿಡಿಯುವುದಿಲ್ಲ. ಅದಕ್ಕೇ ದಾರಂದಕ್ಕೆ, ಬಾಗಿಲಿಗೆ ಅದನ್ನು ಆರಿಸುತ್ತಾರೆ. ಬಿಳಿ ಭಾಗವನ್ನು ಬಳಸಿದರೆ ಹುಳುಗಳಿಗೆ ಹಬ್ಬ. ಈ ಹಳದಿ ಎಷ್ಟು ಗಟ್ಟಿ ಎಂದರೆ, ಬರ್ಮಾ, ಥಾಯ್ಲೆಂಡ್ ದೇಶಗಳಲ್ಲಿ ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಕೊಡಲು ಹಲಸಿನ ಕೆಚ್ಚಿನ ಚಕ್ಕೆಗಳನ್ನು ಕುದಿಸುತ್ತಿದ್ದರು. ಹೊಸ ಹಲಸಿನ ಬಾಗಿಲು ಮಾತ್ರ ಬೆಳಕು, ಗಾಳಿ ತಾಗುತ್ತಾ ಕೆಲವು ವರ್ಷಗಳಲ್ಲಿ ಕಂದಾಗುತ್ತದೆ. ನಿಮ್ಮ ಅಜ್ಜನ ಮನೆಯ ಬಾಗಿಲನ್ನು ನೋಡಿ.

ತೇಗದ ಉಂಗುರಗಳು ಬೇಸಿಗೆಯೂ ಮಳೆಯೂ ಬರೆದವು. ತೇಗ ಎಲೆ ಉದುರಿಸಿ ನಿಂತಾಗ ಬೆಳವಣಿಗೆ ನಿಲ್ಲುತ್ತದೆ. ಚಿಗುರಿದಾಗ ದೊಡ್ಡ ದೊಡ್ಡ ಕೊಳವೆಗಳ ಹೊಸ ಸುತ್ತು ಶುರುವಾಗುತ್ತದೆ. ವರ್ಷವಿಡೀ ಹಸುರಾಗಿರುವ ಮಾವು, ಹಲಸುಗಳಲ್ಲಿ ಉಂಗುರ ಇಷ್ಟು ಸ್ಪಷ್ಟವಿಲ್ಲ. ಮಲಪ್ಪುರಂ ಜಿಲ್ಲೆಯ ನಿಲಂಬೂರಿಗೆ ಪ್ರವಾಸ ಹೋದರೆ 1840ರ ದಶಕದಲ್ಲಿ ನೆಡಲು ತೊಡಗಿದ ತೇಗದ ತೋಟವನ್ನು ನೋಡಬಹುದು. ಅಲ್ಲಿಯೇ ತೇಗದ ವಸ್ತುಸಂಗ್ರಹಾಲಯವೂ ಇದೆ; ಅದು 1995ರಲ್ಲಿ ಆರಂಭವಾಯಿತು.

ಈಗ ರಬ್ಬರಿನ ನೀಲಿ ಕಲೆಗೆ ಬರೋಣ. ನಮ್ಮ ಜಿಲ್ಲೆಯ ಗುಡ್ಡಗಳಲ್ಲಿ ರಬ್ಬರ್ ತೋಟಗಳನ್ನು ನೀವು ಕಂಡಿದ್ದೀರಿ. ಇಪ್ಪತ್ತೈದು ಮೂವತ್ತು ವರ್ಷ ಹಾಲು ಕೊಟ್ಟ ಮೇಲೆ ಮರಗಳನ್ನು ಕಡಿಯುತ್ತಾರೆ. ಕಡಿದ ದಿನ ಮರ ಕೆನೆಯ ಬಣ್ಣ. ಮಳೆಗಾಲದಲ್ಲಿ ಕೆಲವೇ ದಿನ ಅಂಗಳದಲ್ಲಿ ಬಿಟ್ಟರೆ ತುದಿಯಲ್ಲಿ ನೀಲಿ ಕಾಣತೊಡಗುತ್ತದೆ. ರಬ್ಬರ್ ಮರದಲ್ಲಿ ಸಕ್ಕರೆಯೂ ಹಿಟ್ಟೂ ತುಂಬಿರುವುದೇ ಇದಕ್ಕೆ ಕಾರಣ. ಶಿಲೀಂಧ್ರಗಳ ಬೀಜಕಗಳು ಗಾಳಿಯಲ್ಲಿ ತೇಲಿ ಬಂದು ಅಲ್ಲಿ ಇಳಿಯುತ್ತವೆ. ಇವುಗಳಲ್ಲಿ ಮುಖ್ಯವಾದುದರ ಹೆಸರು ಲ್ಯಾಸಿಯೋಡಿಪ್ಲೋಡಿಯ. ಹೆಸರನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಮಾವಿನಹಣ್ಣು ತೊಟ್ಟಿನ ಹತ್ತಿರ ಕಪ್ಪಾಗಿ ಕೊಳೆಯುತ್ತದಲ್ಲ, ಹಲವು ಸಲ ಅದಕ್ಕೆ ಕಾರಣವೂ ಇದೇ ಎಂಬುದು ನೆನಪಿದ್ದರೆ ಸಾಕು.

ಮರದಲ್ಲಿ ನಡುವಿನಿಂದ ತೊಗಟೆಯ ಕಡೆಗೆ, ಸೈಕಲ್ ಚಕ್ರದ ಕಡ್ಡಿಗಳಂತೆ ಹೊರಟ ಸಪೂರ ಪಟ್ಟಿಗಳಿವೆ. ಮರ ತನ್ನ ಸಕ್ಕರೆ, ಹಿಟ್ಟುಗಳನ್ನು ಹೆಚ್ಚಾಗಿ ಕೂಡಿಡುವುದು ಅಲ್ಲಿ. ಶಿಲೀಂಧ್ರದ ನೂಲುಗಳು ಆ ಪಟ್ಟಿಗಳಲ್ಲೇ ಊಟ ಮಾಡುತ್ತಾ ಒಳಗೆ ಹೋಗುತ್ತವೆ. ನೀಲಿ ಕಲೆ ಹಲವು ಸಲ ಹಲಸಿನಹಣ್ಣಿನ ಹೋಳಿನಂತೆ ಹೊರಗೆ ಅಗಲ, ಒಳಗೆ ಚೂಪಾಗಿ ಕಾಣುವುದು ಅದರಿಂದ. ಇನ್ನೊಂದು ಸ್ವಾರಸ್ಯ ಇದೆ. ಆ ನೂಲುಗಳ ಬಣ್ಣ ನೀಲಿಯಲ್ಲ, ಕಂದು! ಬಿಳಿಮರದೊಳಗೆ ಆ ಕಂದು ನೂಲುಗಳ ನಡುವೆ ಬೆಳಕು ಚದರಿ ನಮ್ಮ ಕಣ್ಣಿಗೆ ನೀಲಿಯಾಗಿ ಬರುತ್ತದೆ.

ನೀಲಿ ಕಲೆ ಹಿಡಿದ ಮರ ಕೂಡಲೇ ಕುಂಬಾಗುವುದಿಲ್ಲ. ಶಿಲೀಂಧ್ರ ತಿಂದದ್ದು ಕೂಡಿಟ್ಟ ಹಿಟ್ಟನ್ನು, ಗೋಡೆಯನ್ನಲ್ಲ. ಆದರೂ ಕೊಳ್ಳುವವರು ಮುಖ ತಿರುಗಿಸುತ್ತಾರೆ. ಬೆಲೆ ಇಳಿಯುತ್ತದೆ. ಒಂದು ವಾರ ಲಾರಿ ಸಿಗದಿದ್ದರೆ ಕೃಷಿಕನಿಗೆ ನಷ್ಟ. ಆದ್ದರಿಂದ ರಬ್ಬರ್ ಮರವನ್ನು ಕಡಿದ ಮೇಲೆ ತಡಮಾಡದೆ ಹಲಗೆ ಕೊಯ್ದು, ಮದ್ದಿನ ನೀರು ಹಿಡಿಸಿ ಒಣಗಿಸುತ್ತಾರೆ. ಹುಳು ಹಿಡಿಯದಂತೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಒತ್ತಡ ಕೊಟ್ಟು ಮರದೊಳಗೆ ಸೇರಿಸುವುದೂ ಉಂಟು. ಮೊದಲು ಬರಿಯ ಸೌದೆ, ಪೆಟ್ಟಿಗೆಗಳಿಗೆ ಹೋಗುತ್ತಿದ್ದ ಈ ಮರದಿಂದ ಈಗ ಮೇಜು, ಕುರ್ಚಿಗಳನ್ನು ಮಾಡುವುದು ಸಾಧ್ಯವಾದದ್ದು ಹೀಗೆ. ತೃಶೂರು ಜಿಲ್ಲೆಯ ಪೀಚಿಯಲ್ಲಿ 1975ರಲ್ಲಿ ಸ್ಥಾಪನೆಯಾದ ಕೇರಳ ಅರಣ್ಯ ಸಂಶೋಧನ ಸಂಸ್ಥೆಯಲ್ಲಿ ಇಂತಹ ವಿಷಯಗಳ ಅಧ್ಯಯನ ನಡೆಯುತ್ತದೆ.

ಉಳಿದದ್ದು ಆ ಭೂಪಟದಂತಹ ಕಪ್ಪು ಗೆರೆಗಳು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇವು. ಮಳೆಯಲ್ಲಿ ಬಿದ್ದ ಮರಕ್ಕೆ ಒಂದೇ ಶಿಲೀಂಧ್ರ ಬರುವುದಿಲ್ಲ. ಒಂದು ಈ ತುದಿಯಿಂದ, ಇನ್ನೊಂದು ಆ ಬದಿಯಿಂದ ಮರವನ್ನೇ ತಿನ್ನುತ್ತಾ ಬರುತ್ತವೆ. ಎರಡೂ ಎದುರಾದಾಗ ಒಂದರ ಜಾಗಕ್ಕೆ ಇನ್ನೊಂದು ಬಾರದಂತೆ ಅಲ್ಲಿ ಕಪ್ಪು ಬಣ್ಣದ ಗಟ್ಟಿ ತಡೆ ಏಳುತ್ತದೆ. ನಾವು ಗೆರೆ ಎಂದು ಕಾಣುವುದು ನಿಜವಾಗಿ ಗೆರೆಯಲ್ಲ, ಕಾಗದದಷ್ಟು ತೆಳ್ಳಗಿನ ಗೋಡೆ. ಮರವನ್ನು ಕೊಯ್ದಾಗ ಆ ಗೋಡೆಯ ಅಂಚು ನಮಗೆ ಗೆರೆಯಂತೆ ಕಾಣುತ್ತದೆ. ಗಡಿನಾಡಿನ ಮಕ್ಕಳಾದ ನಿಮಗೆ ಗಡಿ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಆದರೆ ಈ ಗಡಿಯ ಎರಡು ಕಡೆಗಳಲ್ಲೂ ಮರ ಮೆತ್ತಗಾಗುತ್ತಾ ಇರುತ್ತದೆ. ಉಗುರಿನಿಂದ ಒತ್ತಿ ನೋಡಿ. ಉಗುರು ಇಳಿದರೆ ಆ ಹಲಗೆ ಎಷ್ಟು ಚಂದವಿದ್ದರೂ ಕುಳಿತುಕೊಳ್ಳಲು ಆಗದು.

ನಮ್ಮ ಕಾಟುಮಾವಿನ ಕತೆ ಇನ್ನೂ ಸ್ವಲ್ಪ ಇದೆ. ಆಣಿ ಇದ್ದ ಭಾಗವನ್ನು ಆಚಾರಿ ಬೇರೆಯಾಗಿ ಕೊಯ್ದು ತೆಗೆದರು. ಉಳಿದದ್ದು ಮಿಲ್ಲಿಗೆ ಹೋಯಿತು. ಐದು ಬೆಂಚು ಆಗಬಹುದೆಂದು ಲೆಕ್ಕ ಹಾಕಿದ್ದೆವು, ನಾಲ್ಕೇ ಆದವು. ಐದನೆಯ ಬೆಂಚನ್ನು ನನ್ನ ಆಣಿ ನುಂಗಿತು ಎಂದು ಮುಖ್ಯೋಪಾಧ್ಯಾಯರು ಆಗಾಗ ತಮಾಷೆ ಮಾಡುತ್ತಿದ್ದರು. ಕಲೆಯ ಚೂಪು ತುದಿ ಮಾತ್ರ ಒಂದು ಬೆಂಚಿನ ಹಲಗೆಯಲ್ಲಿ ಉಳಿದುಕೊಂಡಿತು. ನಾಲ್ಕನೆಯ ತರಗತಿಯ ಎರಡನೆಯ ಸಾಲಿನಲ್ಲಿ ಆ ಬೆಂಚು ಇತ್ತು. ಅದರಲ್ಲಿ ಕುಳಿತವರು ಬೆರಳಿನಿಂದ ಅದನ್ನು ಉಜ್ಜಿ ಉಜ್ಜಿ ನೋಡುತ್ತಿದ್ದರು. ಅದು ಹೋಗಲಿಲ್ಲ.

ಅಭ್ಯಾಸ

1. ತೊಗಟೆಯ ಮೇಲೆ ಆಣಿ ಕಾಣದಿದ್ದರೂ ಒಳಗೆ ಕಬ್ಬಿಣ ಇದೆ ಎಂದು ಆಚಾರಿಗೆ ತಿಳಿದದ್ದು ಹೇಗೆ?

2. ಆಣಿ ಹೊಡೆದ ಮೇಲೆ ಬೆಳೆದ ಮರದಲ್ಲಿ ಕಲೆ ಇರಲಿಲ್ಲ. ಯಾಕೆ?

3. ಒಂದು ಮರದ ಕಾಂಡದಲ್ಲಿ ನಿಮ್ಮ ಎತ್ತರಕ್ಕೆ ಸರಿಯಾಗಿ ಒಂದು ಗುರುತು ಇದೆ ಎಂದಿಟ್ಟುಕೊಳ್ಳಿ. ಹತ್ತು ವರ್ಷ ಕಳೆದು ಬಂದರೆ ಆ ಗುರುತು ನಿಮ್ಮ ತಲೆಗಿಂತ ಮೇಲಿರುತ್ತದೆಯೇ, ಕೆಳಗಿರುತ್ತದೆಯೇ? ಕಾರಣ ಹೇಳಿ.

4. ‘ಕಲೆ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಎರಡನ್ನೂ ಬಳಸಿ ಒಂದೊಂದು ವಾಕ್ಯ ಬರೆಯಿರಿ. ‘ಕೆಚ್ಚು’ ಸೇರಿದ ಬೇರೆ ಪದಗಳನ್ನು ಹಿರಿಯರಲ್ಲಿ ಕೇಳಿ ಬರೆಯಿರಿ.

5. ನಿಮ್ಮ ತರಗತಿಯ ಬೆಂಚು, ಡೆಸ್ಕು, ಬಾಗಿಲುಗಳಲ್ಲಿ ಕಾಣುವ ಗಂಟು, ಗೆರೆ, ಕಲೆಗಳ ಮೇಲೆ ತೆಳುವಾದ ಕಾಗದ ಇಟ್ಟು ಪೆನ್ಸಿಲಿನಿಂದ ಆಕಾರ ತೆಗೆಯಿರಿ. ಯಾವುದು ಹೇಗೆ ಬಂದಿರಬಹುದು ಎಂದು ಗುಂಪಿನಲ್ಲಿ ಚರ್ಚಿಸಿ. ಊರಿನ ಆಚಾರಿಯವರೊಬ್ಬರನ್ನು ಶಾಲೆಗೆ ಕರೆದು ನಿಮ್ಮ ಊಹೆ ಸರಿಯೇ ಎಂದು ಕೇಳಿ.